ಖಾಲಿ ಸೈಟು, ಕಂಪ್ಲೇಂಟು ಮತ್ತೆ ಸಹಿ ಹಾಕದ ಜನ

ನಮ್ಮ ಬೀದೀಲಿ ಒಂದು ಖಾಲಿ ಸೈಟಿದೆ, ಥರ್ಟಿ ಫಾರ್ಟಿ. ದಾವಣಗೆರೇಲಿ ವಿದ್ಯಾನಗರದಿಂದ ಆಚೆ ಇರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ನಾಲ್ಕು ಮನೆಗೊಂದು ಇಂಥ ಸೈಟು ಇದ್ದೇ ಇರುತ್ತೆ, ಅದರ ತುಂಬ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ, ಯಾರೋ ಬಾತ್‌ರೂಮ್ ರಿಪೇರಿ ಮಾಡ್ಸಿ ರಾತ್ರೋರಾತ್ರಿ ತಂದು ಸುರಿದ ಟೈಲ್ಸು, ಒಡೆದ ಕಮೋಡು. ಮಾಲೀಕ್ರು ಬೆಂಗ್ಳೂರಲ್ಲಿ, ರೇಟು ಏರ್ಲಿ ಅಂತ ಕಾಯ್ತಿದಾರೆ. ಅವರಿಗೇನೋ ಅದು ಬ್ಯಾಂಕಲ್ಲಿಟ್ಟ ದುಡ್ಡಿದ್ದಂಗೆ, ಹಂದಿ ಸೊಳ್ಳೆ ಹಾವು ಎಲ್ಲ ನಮಗೆ.

ಬೀದಿಯೋರನ್ನ ಯಾರನ್ನೇ ಕೇಳಿ, "ಯಾರಾದ್ರೂ ಪಾಲಿಕೆಗೆ ಒಂದು ಕಂಪ್ಲೇಂಟ್ ಕೊಡ್ಬೇಕು ಕಣ್ರೀ" ಅಂತಾರೆ. ಸರಿ, ನಾನೇ ಬರೀತೀನಿ ಸಹಿ ಹಾಕಿ ಅಂತ ಹಾಳೆ ಹಿಡ್ಕೊಂಡು ಹೋದ್ರೆ ಕಥೆನೇ ಬೇರೆ. ಒಬ್ರು ಆ ಸೈಟಿನ ಮಾಲೀಕ್ರು ನಮ್ಮ ನಾದಿನಿ ಕಡೆಯೋರು, ನಾಳೆ ಮದ್ವೆಮುಂಜೀಲಿ ಮುಖ ನೋಡ್ಬೇಕಲ್ಲ ಅಂದ್ರು. ಇನ್ನೊಬ್ರು "ನೀವು ಬರೀರಿ ಅಕ್ಕಾರೆ, ನಿಮ್ಮ ಹಿಂದೆ ನಾವಿದೀವಿ" ಅಂದ್ರು, ಹಿಂದೇನೇ ಉಳುದ್ರು. ಎದುರುಮನೆ ಮೇಷ್ಟ್ರು ಮಾತ್ರ ನಿಜ ಹೇಳಿದ್ರು, "ಅಲ್ಲಮ್ಮ, ಪಾಲಿಕೆಯೋರು ಬಂದ್ರೆ ಬರೀ ಆ ಸೈಟು ನೋಡ್ಕೊಂಡು ಹೋಗ್ತಾರಾ, ನಮ್ಮನೆ ಮೆಟ್ಲು ಚರಂಡಿ ಮೇಲಿರೋದು ಕಾಣಲ್ವಾ" ಅಂತ. ಇದೇ ನೋಡಿ ವಿಷ್ಯ. ಸಂಬಂಧ ಗಿಂಬಂಧ ಎಲ್ಲ ನೆಪ ಅಂತ ನನ್ನ ಅನುಮಾನ, ಒಬ್ರು ಸೆಟ್‌ಬ್ಯಾಕ್ ಅಂದ್ರೆ ಮನೆ ಸುತ್ತ ಖಾಲಿ ಬಿಡ್ಬೇಕಾದ ಜಾಗ ಬಿಟ್ಟಿಲ್ಲ, ಒಬ್ರು ಚರಂಡಿ ಮೇಲೆ ಕಾರ್ ಹತ್ಸೋಕೆ ಕಾಂಕ್ರೀಟ್ ಹಾಕಿದಾರೆ, ಎಲ್ರದ್ದೂ ಒಂದೊಂದು ಇದೆ, ಅದಕ್ಕೆ ಎಲ್ರೂ ಸುಮ್ನಿದಾರೆ.

ಮಳೆ ಬಿಟ್ಟ ಮೇಲೆ ಲಾರ್ವಾ ಸರ್ವೆ, ಅಂದ್ರೆ ನಿಂತ ನೀರಲ್ಲಿ ಸೊಳ್ಳೆ ಮರಿ ಇದ್ಯಾ ಅಂತ ನೋಡೋಕೆ ಆಶಾ ಕಾರ್ಯಕರ್ತೆ ಅಕ್ಕ ಮನೆಮನೆಗೆ ಬಂದಿದ್ರು. ನಮ್ಮನೆ ಡ್ರಮ್ಮು, ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ನೋಡಿ ಆದ್ಮೇಲೆ ಆ ಸೈಟಿಗೂ ಇಳಿದ್ರು, ನಾನೂ ಹಿಂದೇನೇ ಹೋದೆ. ಆ ಒಡೆದ ಕಮೋಡಲ್ಲಿ ಮಳೆನೀರು ನಿಂತಿತ್ತು, ಒಂದು ಪ್ಲಾಸ್ಟಿಕ್ ಲೋಟದಲ್ಲಿ ಅದನ್ನ ಎತ್ತಿ ಬಿಸಿಲಿಗೆ ಹಿಡಿದು "ಇಲ್ನೋಡ್ರಿ ಅಕ್ಕಾರೆ, ಹೆಂಗ್ ಕುಣೀತಾವೆ" ಅಂತ ತೋರ್ಸಿದ್ರು. ದಾರದ ಎಳೆ ತುಂಡು ಮಾಡಿ ಹಾಕಿದಂಗೆ ಸಣ್ಣ ಹುಳ, ಲೋಟ ಅಲ್ಲಾಡಿಸಿದ್ರೆ ಕೆಳಗೆ ಹೋಗ್ತವೆ, ಸುಮ್ನಿದ್ರೆ ಮತ್ತೆ ಮೇಲೆ ಬಂದು ತಲೆಕೆಳಗಾಗಿ ನೇತಾಡ್ತವೆ. ಡೆಂಗೆ ತರೋ ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ಇಂಥ ತಿಳಿನೀರೇ ಹುಡುಕುತ್ತೆ, ಕಚ್ಚೋದೂ ಹಗಲಲ್ಲೇ ಜಾಸ್ತಿ, ಮೊಟ್ಟೆಯಿಂದ ಸೊಳ್ಳೆ ಆಗಿ ಹಾರೋಕೆ ಒಂದು ವಾರ ಹತ್ತು ದಿನ ಸಾಕು. ಹೊಗೆ ಹೊಡೆದ್ರೆ ಹಾರಾಡೋ ಸೊಳ್ಳೆ ಮಾತ್ರ ಸಾಯುತ್ತೆ, ನೀರಲ್ಲಿರೋ ಹುಳಕ್ಕೆ ಏನೂ ಆಗಲ್ಲ. ಫಾಗಿಂಗ್ ಮಾಡ್ಸಿ ಫಾಗಿಂಗ್ ಮಾಡ್ಸಿ ಅಂತ ಬಾಯಿ ಬಡ್ಕೊಳೋರಿಗೆ ಇದನ್ನ ಯಾರು ಹೇಳ್ತಾರೋ.

ಅವತ್ತು ಸಂಜೆ ಕೂತು ಬರೆದೆ. ಕಾನೂನು ಏನು ಹೇಳುತ್ತೆ ಅಂತಾನೂ ಸ್ವಲ್ಪ ಹುಡುಕಿದೆ. 2024ರ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರ ಡೆಂಗೆನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡ್ತಲ್ಲ, ಅದರ ಜೊತೆಗೇ ಸೊಳ್ಳೆ ಬೆಳೆಯೋಕೆ ಬಿಟ್ಟೋರಿಗೆ ದಂಡನೂ ಇಟ್ರು. ಸಿಟಿಯೊಳಗೆ ಮನೆಗಾದ್ರೆ 400 ರೂಪಾಯಿ, ಅಂಗಡಿ ಹೋಟ್ಲು ಆಫೀಸಿಗೆ 1000, ಖಾಲಿ ಸೈಟು, ಕಟ್ತಾ ಇರೋ ಬಿಲ್ಡಿಂಗಿಗೆ 2000. ಹಳ್ಳಿ ಕಡೆ ಇದರಲ್ಲಿ ಅರ್ಧ. ಲಕ್ಷಗಟ್ಲೆ ಬಾಳೋ ಸೈಟಿನ ಮಾಲೀಕರಿಗೆ 2000 ಯಾವ ಲೆಕ್ಕ ಅಂತೀರಾ, ನಂಗೂ ಹಂಗೇ ಅನ್ಸುತ್ತೆ. ಆದ್ರೆ ನೋಟಿಸ್ ಕೊಟ್ಟ ಮೇಲೂ ಮಾಡ್ಲಿಲ್ಲ ಅಂದ್ರೆ ಪಾಲಿಕೆಯೇ ಕ್ಲೀನ್ ಮಾಡ್ಸಿ ಆ ಖರ್ಚನ್ನ ಮಾಲೀಕರ ತಲೆಗೆ ಹಾಕ್ಬೋದು. ಈಗ ಇ-ಖಾತೆ, ಅಂದ್ರೆ ಪಾಲಿಕೆಯ ಕಂಪ್ಯೂಟರ್ ಖಾತೆ, ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ, ಮಾರೋಕೆ ಕೂತೋರಿಗೆ ತಮ್ಮ ಸೈಟಿನ ಹೆಸರಲ್ಲಿ ಪಾಲಿಕೇಲಿ ಒಂದು ಬಾಕಿ, ಒಂದು ನೋಟಿಸು ಓಡಾಡ್ತಿದೆ ಅಂದ್ರೆ ದಂಡಕ್ಕಿಂತ ಅದೇ ಜಾಸ್ತಿ ಚುಚ್ಚುತ್ತೆ.

ಕಂಪ್ಲೇಂಟ್ ಬರೆಯೋದ್ರಲ್ಲೂ ಒಂದು ರೀತಿ ಇದೆ. "ಇಂಥೋರು ಬೇಜವಾಬ್ದಾರಿ ಮನುಷ್ಯ, ಕಠಿಣ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಅಂತ ಎರಡು ಪುಟ ಬರೆದ್ರೆ ಅದನ್ನ ಓದೋರು ಏನ್ ಮಾಡ್ಬೇಕು ಹೇಳಿ, ಜಗಳ ಅಂದ್ಕೊಂಡು ಪಕ್ಕಕ್ಕಿಡ್ತಾರೆ. ಜಾಗ ಯಾವ್ದು ಅಂತ ಸರಿಯಾಗಿ ಹೇಳ್ಬೇಕು, ವಾರ್ಡ್ ನಂಬರ್, ಕ್ರಾಸ್, ಎರಡೂ ಪಕ್ಕದ ಮನೆಗಳ ಡೋರ್ ನಂಬರ್, ಸೈಟ್ ನಂಬರ್ ಗೊತ್ತಿದ್ರೆ ಅದು. ಫೋಟೋ ತೆಗೆದಾಗ ಪಕ್ಕದ ಮನೆನೋ ಕರೆಂಟ್ ಕಂಬನೋ ಫ್ರೇಮಲ್ಲಿರ್ಲಿ, ಬರೀ ಗಿಡ ತೆಗೆದ್ರೆ ಅದು ಕುಂದವಾಡ ಕೆರೆ ದಂಡೆನೂ ಆಗ್ಬೋದು. ಒಂದು ಅರ್ಜೀಲಿ ಒಂದೇ ವಿಷ್ಯ. ನಾನು ಆರೋಗ್ಯ ಶಾಖೆಗೆ ಬರ್ದಿದ್ದು ನೀರು ನಿಂತು ಹುಳ ಆಗಿರೋದು, ಗಿಡ ಬೆಳೆದಿರೋದು ಅಷ್ಟೇ, ಕಟ್ಟಡದ ವಿಷ್ಯಕ್ಕೆ ಟೌನ್ ಪ್ಲಾನಿಂಗ್ ಬೇರೆ. ಕೈಯಲ್ಲಿ ಕೊಟ್ರೆ ಇನ್ನೊಂದು ಕಾಪಿ ಮೇಲೆ ಸೀಲು ತಾರೀಕು ಹಾಕಿಸ್ಕೊಳ್ಳಿ. ಜನಹಿತ ಆ್ಯಪಲ್ಲೂ ಹಾಕ್ಬೋದು, 1902ಕ್ಕೆ ಫೋನ್ ಮಾಡಿದ್ರೂ ಬರ್ಕೊಂಡು ನಂಬರ್ ಕೊಡ್ತಾರೆ. ಏನೂ ಆಗ್ಲಿಲ್ಲ ಅಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ನನ್ನ ಅರ್ಜಿ ಮೇಲೆ ಏನು ಕ್ರಮ ತಗೊಂಡ್ರಿ ಅಂತ ಕೇಳ್ಬೋದು, ಮೂವತ್ತು ದಿನದೊಳಗೆ ಉತ್ರ ಕೊಡ್ಬೇಕು. ಮಾಲೀಕರ ವಿಳಾಸ ಫೋನ್ ನಂಬರ್ ಕೇಳೋಕೆ ಹೋಗ್ಬೇಡಿ, ವೈಯಕ್ತಿಕ ಮಾಹಿತಿ ಅಂತ ಕೊಡಲ್ಲ, ನಿಮಗೂ ಅದು ಬೇಕಾಗಿಲ್ಲ.

ಇನ್ನೊಂದು, ನಿಮ್ಮ ಲೇಔಟು ಪಾಲಿಕೆಗೆ ಹಸ್ತಾಂತರ ಆಗಿದ್ಯಾ ಅಂತ ಮೊದ್ಲು ನೋಡ್ಕೊಳ್ಳಿ. ಹೊಸ ಬಡಾವಣೆಗಳಲ್ಲಿ ಇದೇ ದೊಡ್ಡ ತಲೆನೋವು, ಹಸ್ತಾಂತರ ಆಗೋವರ್ಗೂ ರೋಡು ಚರಂಡಿ ಪಾರ್ಕು ಎಲ್ಲ ಲೇಔಟ್ ಮಾಡಿದೋರ ಮೇಲೇ ಇರುತ್ತೆ, ಆಗ ದೂಡಾ, ಅಂದ್ರೆ ನಮ್ಮೂರಿನ ನಗರಾಭಿವೃದ್ಧಿ ಪ್ರಾಧಿಕಾರದ ಬಾಗ್ಲು ತಟ್ಬೇಕು.

ಅನಾಮಧೇಯ ಅರ್ಜಿ ಹಾಕೋದು ನಂಗೆ ಇಷ್ಟ ಇಲ್ಲ. ಹೆಸರಿಲ್ದೆ ಬರೆಯೋರು ಅರ್ಧ ಜನ ಸೇಡು ತೀರಿಸ್ಕೊಳೋಕೇ ಬರೀತಾರೆ, ಗೋಡೆ ಬಣ್ಣ ಹೋಗಿದೆ, ಅವರ ತೆಂಗಿನ ಗರಿ ನಮ್ಮ ಕಡೆ ಬಾಗಿದೆ ಅಂತ. ಬಣ್ಣ ಹೋದ ಗೋಡೆಯಿಂದ ಯಾರಿಗೂ ಜ್ವರ ಬರಲ್ಲ ರೀ. ಇನ್ನೂ ಬೇಜಾರಿನ ವಿಷ್ಯ ಅಂದ್ರೆ ಸೈಟಿನ ಮೇಲೆ ಸಹಿ ಹಾಕೋಕೆ ಹಿಂದೆಮುಂದೆ ನೋಡಿದ ಇದೇ ಬೀದಿ, ಮೂಲೇಲಿ ಮಂಡಕ್ಕಿ ಮೆಣಸಿನಕಾಯಿ ಗಾಡಿ ಇಟ್ಕೊಂಡಿದ್ದ ಹುಡುಗನ ಮೇಲೆ ಕಂಪ್ಲೇಂಟ್ ಅಂದಾಗ ಒಂದೇ ಬೆಳಗ್ಗೆ ಹಾಳೆ ತುಂಬ ಸಹಿ ಹಾಕಿ ಕೊಟ್ಟಿತ್ತು. ಎಣ್ಣೆ ವಾಸ್ನೆ ಅಂತೆ. ಅವನ ಹತ್ರ ಸಂಜೆ ಸಂಜೆ ಪ್ಲೇಟು ಹಿಡ್ಕೊಂಡು ನಿಲ್ತಿದ್ದೋರೂ ಸಹಿ ಹಾಕಿದ್ರು.

ಅರ್ಜಿ ಕೊಡೋಕ್ ಮುಂಚೆ ಮಾಲೀಕರಿಗೊಂದು ಫೋನ್ ಮಾಡಿದ್ದೆ, ನಾದಿನಿ ಕಡೆಯೋರು ಅಂದೋರ ಹತ್ರನೇ ನಂಬರ್ ಇಸ್ಕೊಂಡು. "ಆಯ್ತಮ್ಮ ಹಬ್ಬ ಆದ್ಮೇಲೆ ಮಾಡಿಸ್ತೀನಿ" ಅಂದ್ರು. ಯಾವ ಹಬ್ಬ ಅಂತ ಅವರೂ ಹೇಳ್ಲಿಲ್ಲ ನಾನೂ ಕೇಳ್ಲಿಲ್ಲ. ನೋಟಿಸ್ ಹೋದ್ಮೇಲೆ ಅವರೇ ಫೋನ್ ಮಾಡಿದ್ರು, "ಇಷ್ಟು ಸಣ್ಣದಕ್ಕೆ ಕಾಗದ ಬರೀಬೇಕಿತ್ತೇನಮ್ಮ, ನಮ್ಮೋರೇ ಅಂದ್ಕೊಂಡಿದ್ದೆ" ಅಂತ. ಸಾರ್, ಕಾಗದದಲ್ಲಿ ನಿಮ್ಮ ಹೆಸರೇ ಇಲ್ಲ, ಸೈಟಿಂದು ಮಾತ್ರ ಬರ್ದಿದೀನಿ ಅಂದೆ. ಅದು ನಿಜಾನೂ ಹೌದು. ಆಮೇಲೆ ಒಂದು ಜೆಸಿಬಿ ಬಂತು, ಜಾಲಿ ಎಲ್ಲ ಬೇರು ಸಮೇತ ಕಿತ್ತು ಹಾಕ್ತು, ಟೈಲ್ಸು ಕಮೋಡು ಟ್ರಾಕ್ಟರಿಗೆ ತುಂಬ್ಕೊಂಡು ಹೋದ್ರು, ಸುತ್ತ ತಂತಿ ಬೇಲಿನೂ ಬಂತು. ಬೇಲಿ ಆಚೆಯಿಂದ ಈಗಾಗ್ಲೇ ಯಾರೋ ಒಂದು ಕವರ್ ಕಸ ಎಸೆದಿದಾರೆ, ಅದು ಮಾತ್ರ ಬೆಂಗ್ಳೂರಿನೋರು ಎಸೆದಿದ್ದಲ್ಲ.

ಪಕ್ಕದ ಕ್ರಾಸಲ್ಲಿ ಕಾಲಂ ಎತ್ತಿ ಅರ್ಧಕ್ಕೇ ನಿಲ್ಸಿರೋ ಬಿಲ್ಡಿಂಗ್ ಒಂದಿದೆ, ಲಿಫ್ಟಿಗೆ ಅಂತ ತೆಗೆದ ಗುಂಡೀಲಿ ಮೊಣಕಾಲುದ್ದ ನೀರು. ಅರ್ಜಿ ರೆಡಿ ಇದೆ, ಟೌನ್ ಪ್ಲಾನಿಂಗಿಗೊಂದು ಆರೋಗ್ಯ ಶಾಖೆಗೊಂದು. ಆ ಕ್ರಾಸಿನೋರು ಯಾರಾದ್ರೂ ಇದನ್ನ ಓದ್ತಿದ್ರೆ ಭಾನುವಾರ ಬೆಳಗ್ಗೆ ನಾನು ಮನೇಲೇ ಇರ್ತೀನಿ, ಬಂದು ಸಹಿ ಹಾಕಿ ಹೋಗಿ.