ಮುಳುಗಿದ ಬೆಟ್ಟಕ್ಕೆ ಕಪ್ಪು ಬಳಿಯುವ ಕೆಲಸ

ಜೂನ್, ಎರಡನೆಯ ವಾರ

ನಾನು ಮಾಡುತ್ತಿರುವ ಮಾದರಿಯ ಅಳತೆ ಕೊನೆಗೂ ಗಟ್ಟಿಯಾಯಿತು. ಹಿಂದೂ ಮಹಾಸಾಗರದಲ್ಲಿ, ಸಮಭಾಜಕ ವೃತ್ತದಿಂದ ಸುಮಾರು ಮೂರು ಡಿಗ್ರಿ ದಕ್ಷಿಣಕ್ಕಿರುವ ಅಫನಾಸಿ ನಿಕಿಟಿನ್ ಎಂಬ ಮುಳುಗಿದ ಬೆಟ್ಟ ಸುಮಾರು 400 ಕಿ.ಮೀ. ಉದ್ದ, 150 ಕಿ.ಮೀ. ಅಗಲ. ಐದು ಲಕ್ಷಕ್ಕೆ ಒಂದರಂತೆ ಇಳಿಸಿದರೆ 80 ಸೆಂ.ಮೀ.ಗೆ 30 ಸೆಂ.ಮೀ.; ಗೋವಾದ ವಾಸ್ಕೋ ಊರಿನ ನಮ್ಮ ಮನೆಯ ಊಟದ ಮೇಜಿಗೆ ಹೇಳಿ ಮಾಡಿಸಿದಂತಿದೆ. ತಕರಾರು ಎತ್ತರದ್ದು. ಬುಡ 4,800 ಮೀ. ಆಳದಲ್ಲಿ, ನೆತ್ತಿ ಸುಮಾರು 1,600 ಮೀ. ಆಳದಲ್ಲಿ. ನಡುವಿನ 3,200 ಮೀಟರ್ ಅದೇ ಅಳತೆಯಲ್ಲಿ ಆರೂವರೆ ಮಿ.ಮೀ. ಕೂಡ ಆಗದು. ಬೆಟ್ಟ ಹೋಗಿ ದಪ್ಪ ರೊಟ್ಟಿಯಾಗುತ್ತದೆ. ಆದ್ದರಿಂದ ಎತ್ತರವನ್ನು ಮಾತ್ರ 20 ಪಟ್ಟು ಹಿಗ್ಗಿಸಿದ್ದೇನೆ. 5 ಮಿ.ಮೀ. ದಪ್ಪದ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆಯೊಂದಕ್ಕೆ 125 ಮೀಟರ್, ಒಟ್ಟು 26 ಹಾಳೆ.

ಈ ಬೆಟ್ಟವೇ ಏಕೆಂದರೆ, ನಾನು ಬೀದರಿನವನು. ಅಫನಾಸಿ ನಿಕಿಟಿನ್ ಎಂಬ ರಷ್ಯಾದ ವ್ಯಾಪಾರಿ 1470ರ ಆಸುಪಾಸಿನಲ್ಲಿ ಚೌಲ್ ಬಂದರಿನಲ್ಲಿ ಇಳಿದು, ಜುನ್ನರ್ ಹಾದು, ಕುದುರೆಯೊಂದನ್ನು ಮಾರಲು ಬಹಮನಿ ಸುಲ್ತಾನರ ಬೀದರಿಗೆ ಬಂದಿದ್ದ. ಇದನ್ನು ಅವ್ವನಿಗೆ ಹೇಳಿದೆ. "ಕುದುರೆ ಮಾರಿದವನಿಗೆ ಬೆಟ್ಟ ಸಿಕ್ಕಿತು, ನಿನಗೆ ಊಟದ ಮೇಜೂ ಉಳಿಯಲಿಲ್ಲ" ಎಂದಳು.

ಜುಲೈ, ಮೊದಲ ವಾರ

ಗೋವಾದ ಮಳೆಯಲ್ಲಿ ಫೆವಿಕಾಲ್ ಒಣಗುವುದಕ್ಕೆ ಎರಡು ದಿನ ಬೇಕು. ಅವಸರಪಟ್ಟು 17ನೆಯ ಹಾಳೆಯನ್ನು ಮಗುಚಿ ಅಂಟಿಸಿದ್ದೇನೆ. ಪಶ್ಚಿಮದ ಇಳಿಜಾರು ಪೂರ್ವಕ್ಕೆ ಹೋಗಿದೆ. ಅದರ ಮೇಲೆ ಇನ್ನೂ ಒಂಬತ್ತು ಹಾಳೆ ಕೂತ ಮೇಲೆ ಕಣ್ಣಿಗೆ ಬಿತ್ತು. ಸದ್ಯಕ್ಕೆ ಹಾಗೇ ಇದೆ.

ಜುಲೈ, ಕೊನೆಯ ವಾರ

ಇಡೀ ಕೆಲಸದ ಉದ್ದೇಶವೇ ಬಣ್ಣ. ಈ ಬೆಟ್ಟದ ಬಂಡೆಗಳ ಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಕಪ್ಪು ಹೊರಪದರ ಕಟ್ಟಿದೆ. ಅದರಲ್ಲಿ ಕೋಬಾಲ್ಟ್, ನಿಕಲ್, ಅಲ್ಪ ಪ್ರಮಾಣದಲ್ಲಿ ಪ್ಲಾಟಿನಂ ಇವೆ. ಇಲ್ಲಿ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಈ ಬೆಟ್ಟದಿಂದ ಎತ್ತಿದ ತುಣುಕುಗಳನ್ನು ಅಧ್ಯಯನ ಮಾಡಿದ್ದಾರೆ. 2024ರ ಜನವರಿಯಲ್ಲಿ ಭಾರತವು ಅನ್ವೇಷಣೆಯ ಅನುಮತಿಗಾಗಿ ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರಕ್ಕೆ ಅರ್ಜಿಯನ್ನೂ ಹಾಕಿದೆ.

ಬಣ್ಣವನ್ನು ಮನೆಯಲ್ಲೇ ಕಲೆಸಿದೆ. ಹಾರ್ಡ್‌ವೇರ್ ಅಂಗಡಿಯ ಕಪ್ಪು ಆಕ್ಸೈಡ್ ಎಂದರೆ ಕಬ್ಬಿಣದ್ದೇ. ಹಳೆಯ ಟಾರ್ಚ್ ಸೆಲ್ ಬಿಚ್ಚಿದರೆ ಸಿಗುವ ಕರಿಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇದೆ. ಎರಡನ್ನೂ ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲೆಸಿ, ಅವ್ವನ ಬಿದರಿ ಡಬ್ಬಿಯ ಪಕ್ಕದಲ್ಲಿಟ್ಟು ನೋಡಿದೆ. ಡಬ್ಬಿಯ ಕಪ್ಪು ತಣ್ಣಗಿದೆ, ನನ್ನದು ತುಸು ಕಂದು. ಬೀದರ್ ಕೋಟೆಯ ಮಣ್ಣು, ನವಸಾಗರವೆಂಬ ಲವಣ ಎರಡೂ ಸೇರಿ ಸತುವಿನ ಮೈಯನ್ನು ಕಪ್ಪಾಗಿಸಿದ ಹೊಳಪು ಅದು. ಸೆಲ್ಲಿನ ಪುಡಿಗೆ ಬರುವಂಥದ್ದಲ್ಲ.

ಮೊದಲ ದಿನ ಇಡೀ ಬೆಟ್ಟಕ್ಕೆ ಕಪ್ಪು ಮೆತ್ತಿದೆ. ಮರುದಿನ ಅದೇ ತಪ್ಪೆಂದು ಗೊತ್ತಾಯಿತು. ಈ ಪದರ ಸಮುದ್ರದ ತಣ್ಣನೆಯ ನೀರಿನಿಂದಲೇ ಬಂಡೆಗೆ ಕಟ್ಟುವಂಥದ್ದು. ಹಂಡೆಯ ಒಳಮೈಗೆ ಗಡಸು ನೀರಿನ ಬಿಳುಪು ಕಟ್ಟುತ್ತದಲ್ಲ, ಹಾಗೆ. ಆದರೆ ಬಂಡೆ ಬೆತ್ತಲಾಗಿರಬೇಕು, ಹರಿವು ಕೆಸರನ್ನು ಗುಡಿಸುತ್ತಿರಬೇಕು. ಸಪಾಟು ಜಾಗದಲ್ಲಿ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳು ಸುರಿದು ಬಂಡೆಯನ್ನು ಮುಚ್ಚುತ್ತವೆ, ಅಲ್ಲಿ ಪದರ ಬೆಳೆಯದು. ಆಳವೂ ಲೆಕ್ಕಕ್ಕೆ ಬರುತ್ತದೆ. ಆಮ್ಲಜನಕ ತೀರಾ ಕಡಿಮೆ ಇರುವ ನೀರಿನಲ್ಲಿ ಮ್ಯಾಂಗನೀಸ್ ಕರಗಿಯೇ ಇರುತ್ತದೆ. ಕೆಳಗಿನ ಆಮ್ಲಜನಕಭರಿತ ನೀರಿಗೆ ಬೆರೆತಾಗ ಆಕ್ಸೈಡ್ ಆಗಿ ಬಂಡೆಗೆ ಹತ್ತುತ್ತದೆ. ಆ ಆಕ್ಸೈಡಿನ ಮೈಯಲ್ಲಿರುವ ಋಣ ವಿದ್ಯುದಾವೇಶ ಕೋಬಾಲ್ಟ್, ನಿಕಲ್‌ಗಳ ಧನ ಅಯಾನುಗಳನ್ನು ಸೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ 800ರಿಂದ 2,500 ಮೀ. ಆಳದಲ್ಲಿ ಪದರ ದಪ್ಪವಾಗಿಯೂ ಕೋಬಾಲ್ಟ್‌ನಿಂದ ಸಮೃದ್ಧವಾಗಿಯೂ ಇರುತ್ತದೆ. ನನ್ನ ಮಾದರಿಯಲ್ಲಿ ಅದು ಮೇಲಿನ ಏಳು ಹಾಳೆ. ಉಳಿದ ಕಡೆ ಉಪ್ಪುಕಾಗದದಿಂದ ಉಜ್ಜಿ ಬಣ್ಣ ತೆಳುವಾಗಿಸಿದೆ, ಸಪಾಟು ಜಾಗಕ್ಕೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಎರಡು ಸಂಜೆ, ಒಂದು ಉಗುರು.

ಇಷ್ಟೆಲ್ಲ ಆದ ಮೇಲೆ ಬಣ್ಣದ ದಪ್ಪವನ್ನು ಲೆಕ್ಕ ಹಾಕುವ ದುರ್ಬುದ್ಧಿ ಬಂತು. ನನ್ನ ಲೇಪ ಹೆಚ್ಚುಕಡಿಮೆ 0.1 ಮಿ.ಮೀ. ಎತ್ತರದ ಅಳತೆಯಲ್ಲಿ ಅದು ಎರಡೂವರೆ ಮೀಟರ್! ನಿಜವಾದ ಪದರ 10 ಸೆಂ.ಮೀ. ಇದ್ದರೆ ದಪ್ಪದ್ದೇ ಎನ್ನಬೇಕು. ಅದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿ.ಮೀ. ಬೆಳೆಯುತ್ತದೆ. ನಾಲ್ಕು ಮಿ.ಮೀ. ಎಂದು ಹಿಡಿದರೂ ನನ್ನ ಲೇಪಕ್ಕೆ 62 ಕೋಟಿ ವರ್ಷ ಬೇಕು. ಬೆಟ್ಟ ಹುಟ್ಟಿದ್ದೇ ಡೈನೋಸಾರ್‌ಗಳ ಕೊನೆಯ ಕಾಲದಲ್ಲಿ. ತಳದಲ್ಲಿ ಬಿಡಿಯಾಗಿ ಬಿದ್ದಿರುವ ಮ್ಯಾಂಗನೀಸ್ ಗಂಟುಗಳನ್ನು ಆರಿಸಿಕೊಳ್ಳಬಹುದು. ಇದು ಹಾಗಲ್ಲ, ಬಂಡೆಗೆ ಕಚ್ಚಿಕೊಂಡ ಚರ್ಮ. ಬಂಡೆಯನ್ನು ಕೆತ್ತಿಕೊಳ್ಳದೆ ಪದರವನ್ನಷ್ಟೇ ಸುಲಿಯುವುದು ಕಷ್ಟ. ಉಗುರು ಮುರಿದುಕೊಂಡ ನನಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಣ್ಣವನ್ನು ಇದಕ್ಕಿಂತ ತೆಳುವಾಗಿ ಬಳಿಯುವುದು ನನ್ನಿಂದಾಗದು. ಬದಲಿಗೆ ಪಕ್ಕದಲ್ಲಿ ಪದರದ ಅಡ್ಡಸೀಳನ್ನು ನಿಜ ಗಾತ್ರದಲ್ಲೇ, 10 ಸೆಂ.ಮೀ. ದಪ್ಪದ ಮರದ ತುಂಡಿನಲ್ಲಿ, ಮಾಡಿಡುತ್ತೇನೆ. ಒಂದು ಮಿ.ಮೀ.ಗೆ ಎರಡೂವರೆ ಲಕ್ಷ ವರ್ಷ. ನಿಕಿಟಿನ್ ಬೀದರಿಗೆ ಬಂದ ವರ್ಷವನ್ನು ಅದರಲ್ಲಿ ಗುರುತಿಸು ಎಂದಳು ಅವ್ವ. ಪೆನ್ಸಿಲ್ ಗೆರೆಯೇ ಅದಕ್ಕಿಂತ ನೂರಾರು ಪಟ್ಟು ದಪ್ಪ.

ಮುಂದಿನ ಭಾನುವಾರ ಮಳೆ ಬಿಟ್ಟರೆ 17ನೆಯ ಹಾಳೆ ಬಿಚ್ಚುತ್ತೇನೆ.