ಗಾಲ್‌ಬ್ರೇತ್ ಕೆರೆಯ ಬಳಿ ಬಿಟ್ಟಿ ಬಿಡಾರ: ಡಾಲ್ಟನ್ ಹೆದ್ದಾರಿಗೆ ಹೊರಡುವವರಿಗೆ

ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಟೆಂಟ್ ಹೊಡೆದು ಮಲಗುವುದಕ್ಕೆ ಕಾಸು ಕೊಡಬೇಕಿಲ್ಲ. ಯೂಕಾನ್ ನದಿ ದಾಟಿದ ಮೇಲೆ ಸುಮಾರು 300ನೇ ಮೈಲಿಯವರೆಗೆ ರಸ್ತೆಯ ಎರಡೂ ಬದಿಯ ಬಹುಪಾಲು ನೆಲವನ್ನು ಅಮೆರಿಕದ ಕೇಂದ್ರ ಸರ್ಕಾರದ ಭೂಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಎಲ್ಲರ ಬಾಯಲ್ಲಿ ಬಿಎಲ್ಎಂ, ನೋಡಿಕೊಳ್ಳುತ್ತ ಬಂದಿದೆ. ಒಂದೇ ಜಾಗದಲ್ಲಿ 14 ದಿನದವರೆಗೆ ಇರಬಹುದು. ಈ ನೆಲವನ್ನು ರಾಜ್ಯಕ್ಕೆ ವಹಿಸಿಕೊಡುವ ವಿಚಾರ ಬಹಳ ದಿನದಿಂದ ನಡೆದಿರುವುದರಿಂದ, ಹೊರಡುವ ವಾರ ಫೇರ್‌ಬ್ಯಾಂಕ್ಸಿನ ಬಿಎಲ್ಎಂ ಕಚೇರಿಗೊಂದು ಫೋನ್ ಮಾಡಿ ಸದ್ಯದ ನಿಯಮ ಕೇಳಿಕೊಳ್ಳಿ. ಬಿಡಾರ ಬಿಟ್ಟಿಯಾದರೂ ಅಲ್ಲಿಗೆ ಹೋಗಿಬರುವುದು ಬಿಟ್ಟಿಯಲ್ಲ. ಟೈರು, ಪೆಟ್ರೋಲು, ಮುಂದಿನ ಗಾಜು, ಈ ಮೂರರಲ್ಲೇ ದುಡ್ಡು ಹೋಗುತ್ತದೆ.

ಈ ರಸ್ತೆಯಲ್ಲಿ ಜಾಗಗಳನ್ನು ಗುರುತಿಸುವುದು ಮೈಲಿಗಲ್ಲಿನಿಂದ, ಊರಿನ ಹೆಸರಿನಿಂದಲ್ಲ, ಊರುಗಳು ಇದ್ದರಲ್ಲವೇ? ಆದ್ದರಿಂದ ಇಲ್ಲೂ ಮೈಲಿಯನ್ನೇ ಇಟ್ಟುಕೊಂಡಿದ್ದೇವೆ. ಫೇರ್‌ಬ್ಯಾಂಕ್ಸಿನಿಂದ ಉತ್ತರಕ್ಕೆ 84 ಮೈಲಿ ಹೋದರೆ ಡಾಲ್ಟನ್ ಶುರು. ಅಲ್ಲಿಂದ 56ನೇ ಮೈಲಿಗೆ ಯೂಕಾನ್ ಸೇತುವೆ, 115ಕ್ಕೆ ಆರ್ಕ್‌ಟಿಕ್ ವೃತ್ತದ ಫಲಕ, 175ಕ್ಕೆ ಕೋಲ್ಡ್‌ಫುಟ್, 244ಕ್ಕೆ ಅಟಿಗನ್ ಘಟ್ಟ, 275ಕ್ಕೆ ಗಾಲ್‌ಬ್ರೇತ್ ಕೆರೆಯ ತಿರುವು, 414ಕ್ಕೆ ರಸ್ತೆಯ ಕೊನೆಯಾದ ಡೆಡ್‌ಹಾರ್ಸ್. 1974ರಲ್ಲಿ ತೈಲದ ಕೊಳವೆ ಹಾಕಲು ಸಾಮಾನು ಸಾಗಿಸಲೆಂದು ಮಾಡಿದ ದಾರಿ ಇದು. ಡೆಡ್‌ಹಾರ್ಸ್‌ವರೆಗೆ ಸಾರ್ವಜನಿಕರನ್ನು ಬಿಟ್ಟದ್ದು 1994ರಲ್ಲಿ. ಇಂದಿಗೂ ಇದು ಲಾರಿಗಳ ರಸ್ತೆಯೇ. ನಾವು ಅವುಗಳ ನಡುವೆ ನುಸುಳಿಕೊಂಡು ಹೋಗುವವರು.

ಮೊದಲು ಪೆಟ್ರೋಲಿನ ಲೆಕ್ಕ. ಫೇರ್‌ಬ್ಯಾಂಕ್ಸಿನಿಂದ ಯೂಕಾನ್ ದಡಕ್ಕೆ 140 ಮೈಲಿ. ಅಲ್ಲಿ ಬಂಕ್ ಇದೆ, ಆದರೆ ತೆರೆದೇ ಇರುತ್ತದೆಂದು ನೆಚ್ಚಿಕೊಳ್ಳಬೇಡಿ. ಕೋಲ್ಡ್‌ಫುಟ್‌ಗೆ ಒಟ್ಟು 259 ಮೈಲಿ. ಅಲ್ಲಿಂದ ಮುಂದೆ ಡೆಡ್‌ಹಾರ್ಸ್‌ವರೆಗೆ 239 ಮೈಲಿ ಒಂದು ಹನಿಯೂ ಸಿಗುವುದಿಲ್ಲ. ಗಾಲ್‌ಬ್ರೇತ್‌ವರೆಗೆ ಮಾತ್ರ ಹೋಗಿ ತಿರುಗುವವರೂ ನಿರಾಳವಾಗಿರುವಂತಿಲ್ಲ: ಕೋಲ್ಡ್‌ಫುಟ್‌ನಿಂದ 100 ಮೈಲಿ, ಹೆದ್ದಾರಿಯಿಂದ ಒಳಗೆ ಸುಮಾರು 4 ಮೈಲಿ, ಹೋಗಿಬರಲು 208 ಮೈಲಿ. ಜಲ್ಲಿ, ಏರು, ಎದುರುಗಾಳಿ ಎಲ್ಲ ಸೇರಿ ಗ್ಯಾಲನ್ನಿಗೆ 18 ಮೈಲಿ ಹಿಡಿದರೆ ಹನ್ನೊಂದೂವರೆ ಗ್ಯಾಲನ್, ಹೆಚ್ಚುಕಡಿಮೆ 44 ಲೀಟರ್. ಮುಂದೆ ಡೆಡ್‌ಹಾರ್ಸಿಗೂ ಹೋಗುವುದಾದರೆ ಸುಮಾರು 52 ಲೀಟರ್. 15 ಗ್ಯಾಲನ್ ಟ್ಯಾಂಕಿನ ಗಾಡಿಗೆ ಎರಡೂ ಸಾಧ್ಯ, ಆದರೆ ದಾರಿ ಮುಚ್ಚಿ ಎಂಜಿನ್ ಹಾಕಿಕೊಂಡೇ ಕಾಯಬೇಕಾಗಿ ಬಂದರೆ ಉಳಿದದ್ದು ಸಾಲುವುದಿಲ್ಲ. 5 ಗ್ಯಾಲನ್ನಿನ ಒಂದು ಕ್ಯಾನ್ ಜೊತೆಗಿರಲಿ. ಕ್ಯಾನಿಗೆ ತುಂಬಿಸುವಾಗ ಅದನ್ನು ಡಿಕ್ಕಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿ. ಕಾರ್ಪೆಟ್ ಮೇಲಿದ್ದರೆ ಸ್ಥಿರವಿದ್ಯುತ್ತಿನ ಕಿಡಿ ಹಾರುವ ಅಪಾಯವಿದೆ.

ಟೈರಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಕಾರಿನ ಜೊತೆ ಬರುವ ಸಣ್ಣ, ಬಡಕಲು ಸ್ಟೆಪ್ನಿಯನ್ನು ನಂಬುವುದು. ಅದು ಡಾಂಬರಿನ ಮೇಲೆ ಹತ್ತಿರದ ಅಂಗಡಿಗೆ ಹೋಗಲು ಮಾಡಿದ್ದು. ಚೂಪು ಜಲ್ಲಿಯ ಮೇಲೆ ನೂರು ಮೈಲಿ ಅದರ ಕೈಲಾಗದ ಕೆಲಸ. ರಿಮ್ಮಿಗೆ ಹಾಕಿಸಿದ ಪೂರ್ಣ ಅಳತೆಯ ಎರಡು ಸ್ಟೆಪ್ನಿ ಒಯ್ಯಿರಿ. ಜಾಕಿನಡಿ ಇಡಲು ಒಂದು ಅಡಿ ಚೌಕದ ದಪ್ಪ ಹಲಗೆ ಬೇಕೇಬೇಕು. ಮಳೆಯಾದ ಮೇಲೆ ರಸ್ತೆಯಂಚು ಮೆತ್ತಗಾಗಿರುತ್ತದೆ; ಹಲಗೆ ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕ್ ಇಳಿಯುತ್ತದೆ. ಪಂಕ್ಚರ್ ಕಿಟ್, ಹನ್ನೆರಡು ವೋಲ್ಟಿನ ಗಾಳಿ ಪಂಪ್ ಸರಿ, ಆದರೆ ಇಲ್ಲಿ ಟೈರಿನ ಪಕ್ಕೆ ಸೀಳುವುದೂ ಸಾಮಾನ್ಯ, ಸೀಳಿದ ಪಕ್ಕೆಗೆ ಯಾವ ಕಿಟ್ಟೂ ಬಾರದು.

ಬಾಡಿಗೆ ಕಾರಿನ ಕರಾರನ್ನು ಓದಿ ಸಹಿ ಹಾಕಿ. ಸಾಮಾನ್ಯ ಕಂಪನಿಗಳು ಜಲ್ಲಿರಸ್ತೆಯನ್ನು ಬೇಡವೆಂದೇ ಬರೆದಿರುತ್ತವೆ. ಕರಾರು ಮೀರಿದರೆ ವಿಮೆಯೂ ಇಲ್ಲ, ಕ್ರೆಡಿಟ್ ಕಾರ್ಡಿನ ರಕ್ಷಣೆಯೂ ಇಲ್ಲ. ಡಾಲ್ಟನ್ನಿಗೆಂದೇ ಸ್ಟೆಪ್ನಿ, ಲಾರಿಯವರೊಡನೆ ಮಾತಾಡಲು ಸಿಬಿ ರೇಡಿಯೋ ಸಮೇತ ಗಾಡಿ ಕೊಡುವವರು ಫೇರ್‌ಬ್ಯಾಂಕ್ಸಿನಲ್ಲಿದ್ದಾರೆ. ದುಬಾರಿ, ಆದರೆ ಅಲ್ಲಿ ಉಳಿತಾಯ ಮಾಡಹೋಗಬೇಡಿ. ಸಿಯಾಟಲ್ ಕಡೆಯ ನಮ್ಮವರು ಸ್ವಂತ ಗಾಡಿಯಲ್ಲೇ ಹೊರಡುವ ಯೋಚನೆ ಮಾಡುವುದುಂಟು. ಆಗ ಕೆನಡಾ ದಾಟಬೇಕು, ಭಾರತದ ಪಾಸ್‌ಪೋರ್ಟ್ ಇದ್ದರೆ ಅದರ ವೀಸಾ ವಿಚಾರಿಸಿಕೊಳ್ಳಬೇಕು. ಸಿಯಾಟಲ್‌ನಿಂದ ಫೇರ್‌ಬ್ಯಾಂಕ್ಸಿಗೆ ನೇರ ವಿಮಾನ ಹಿಡಿದರೆ ಆ ತಲೆನೋವಿಲ್ಲ.

ಎದುರಿನಿಂದ ಲಾರಿ ಬಂದರೆ ವೇಗ ಇಳಿಸಿ ಬಲಕ್ಕೆ ಸರಿಯಿರಿ. ಗಾಜು ಒಡೆಯುವುದು ಎರಡೂ ಗಾಡಿಗಳ ವೇಗ ಕೂಡಿಕೊಂಡು ಬಂದು ಬಡಿಯುವ ಕಲ್ಲಿನಿಂದ. ನಿಮ್ಮ ಪಾಲಿನ ವೇಗವಾದರೂ ಕಡಿಮೆಯಾಗಲಿ. ಹಗಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಫೋಟೋಗೆಂದು ಸೇತುವೆಯ ಮೇಲೆ, ಏರಿನ ತುದಿಯಲ್ಲಿ, ತಿರುವಿನಲ್ಲಿ ನಿಲ್ಲಿಸಬೇಡಿ. ಸಿಬಿ ರೇಡಿಯೋ 19ನೇ ಚಾನೆಲ್‌ನಲ್ಲಿರಲಿ. ಮೊಬೈಲ್ ಫೇರ್‌ಬ್ಯಾಂಕ್ಸ್ ಬಿಟ್ಟ ಸ್ವಲ್ಪ ಹೊತ್ತಿಗೇ ಸತ್ತು ಡೆಡ್‌ಹಾರ್ಸಿನಲ್ಲಿ ಏಳುತ್ತದೆ, ಹಾಗಾಗಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದಿರಲಿ. ಅಟಿಗನ್ ಘಟ್ಟ 4,739 ಅಡಿ. ಜುಲೈನಲ್ಲೂ ಹಿಮ ಬೀಳಬಹುದು. ಇಳಿಯುವಾಗ ಬ್ರೇಕನ್ನೇ ಒತ್ತಿಹಿಡಿಯದೆ ಕೆಳಗಿನ ಗೇರಿನಲ್ಲಿ ಇಳಿಸಿ.

ಘಟ್ಟ ಇಳಿದರೆ ಮರಗಳ ಸುಳಿವಿಲ್ಲ, ಗಾಲ್‌ಬ್ರೇತ್ ಇರುವುದು ಆ ಬಯಲಿನಲ್ಲಿ. ಬ್ರೂಕ್ಸ್ ಪರ್ವತಸಾಲಿನ ಉತ್ತರದ ಪಾದದಲ್ಲಿ ಹಿಮನದಿ ಕೊರೆದು ಬಿಟ್ಟ ಕೆರೆ. ಕೊಳವೆ ಹಾಕುವ ಕಾಲದಲ್ಲಿ ಕೆಲಸಗಾರರ ಬಿಡಾರವಿದ್ದ ಸೀಮೆ; ಪಕ್ಕದಲ್ಲಿ ವಿಮಾನ ಇಳಿಯುವ ಪಟ್ಟಿ ಇಂದಿಗೂ ಇದೆ. ಅದನ್ನು ದಾಟಿ ಒಳಗೆ ಹೋದರೆ ಜಲ್ಲಿ ಹಾಸಿದ ಜಾಗ, ಒಂದು ಪಾಯಿಖಾನೆ, ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆ. ನಲ್ಲಿ ಇಲ್ಲ, ಕರೆಂಟ್ ಇಲ್ಲ, ಕಾವಲುಗಾರ ಇಲ್ಲ. ಈ ರಸ್ತೆಯಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಜಾಗ ಕಂಡಿಲ್ಲ. ಆರ್ಕ್‌ಟಿಕ್ ವೃತ್ತದ ಫಲಕದ ಹಿಂದಿನ ಗುಡ್ಡದಲ್ಲೂ ಬಿಟ್ಟಿ ಜಾಗವಿದೆ, ಆದರೆ ಕಾಡಿನ ಮರೆಯಲ್ಲಿ ಗಾಳಿಯಾಡದೆ ಸೊಳ್ಳೆ ಮುತ್ತುತ್ತದೆ. ಗಾಲ್‌ಬ್ರೇತ್‌ನಿಂದ ತುಸು ಮುಂದೆ, 278ರಿಂದ 293ನೇ ಮೈಲಿಯವರೆಗೆ, ಟೂಲಿಕ್ ಕೆರೆಯ ಸಂಶೋಧನಾ ವಲಯ. ಅಲ್ಲಿ ಬಿಡಾರ ಹೂಡುವಂತಿಲ್ಲ. ಕೊಳವೆಗೆ ಹೋಗುವ ಅಡ್ಡದಾರಿಗಳಿಗೆ ಗಾಡಿ ಅಡ್ಡ ನಿಲ್ಲಿಸುವುದೂ ಕೂಡದು.

ಟೆಂಟ್ ಹೊಡೆಯುವಾಗ ಹುಲ್ಲುಹಾಸಿನಂತೆ ಕಾಣುವ ಟಂಡ್ರಾಕ್ಕೆ ಮರುಳಾಗಬೇಡಿ. ಅದು ಗಂಟುಗಂಟಾದ ಹುಲ್ಲಿನ ಗುಪ್ಪೆ, ನಡುವೆ ನೀರು, ಅಡಿಯಲ್ಲಿ ಮಂಜುಗಟ್ಟಿದ ಮಣ್ಣು. ತುಳಿದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ. ಜಲ್ಲಿಯ ಮೇಲೆಯೇ ಹೊಡೆಯಿರಿ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಆ ಗಟ್ಟಿ ಜಲ್ಲಿಗೆ ಬಗ್ಗಿಹೋಗುತ್ತದೆ. ಎಂಟು ಉಕ್ಕಿನ ಗೂಟ, ಒಂದು ಸುತ್ತಿಗೆ ಇರಲಿ. ಅದೂ ನಾಟದ ಕಡೆ ಕಲ್ಲಿನ ಉಪಾಯ: ಹಗ್ಗದ ತುದಿಯ ಕುಣಿಕೆಗೆ ಗೇಣುದ್ದದ ಕಡ್ಡಿಯನ್ನೋ ಗೂಟವನ್ನೋ ಅಡ್ಡಡ್ಡಲಾಗಿ ಕೊಟ್ಟು ನೆಲದಲ್ಲಿ ಮಲಗಿಸಿ, ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆ ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಷ್ಟೂ ಕಡ್ಡಿ ಕಲ್ಲಿಗೆ ಒತ್ತಿ ನಿಲ್ಲುತ್ತದೆ. ಹಗ್ಗವನ್ನು ನೇರ ಕಲ್ಲಿಗೆ ಸುತ್ತಿದರೆ ರಾತ್ರಿಯೊಳಗೆ ಸವೆದು ತುಂಡಾದೀತು. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ.

ಬೇಸಿಗೆಯಲ್ಲೂ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯಬಹುದು. ಮೈನಸ್ 7ರವರೆಗೆ ತಡೆಯುವ ಸ್ಲೀಪಿಂಗ್ ಬ್ಯಾಗ್ ಸಾಕು, ಆದರೆ ಚಳಿ ಏರುವುದು ಕೆಳಗಿನಿಂದ. ಆರ್ ಮೌಲ್ಯ (ಹಾಸಿಗೆ ಚಳಿ ತಡೆಯುವ ಅಳತೆ) 4ಕ್ಕಿಂತ ಕಡಿಮೆಯ ಹಾಸಿಗೆ ಹಾಕಿ ಬ್ಯಾಗನ್ನು ಬೈಯಬೇಡಿ. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದಿಲ್ಲ, ಕಣ್ಣಿಗೆ ಪಟ್ಟಿ ಬೇಕು. ಸೊಳ್ಳೆ ಜೂನ್ ನಡುವಿನಿಂದ ಆಗಸ್ಟ್ ಮೊದಲ ವಾರದವರೆಗೆ ಜೋರು. ತಲೆಗೆ ಬಲೆ, ಮೈಗೆ ಸೊಳ್ಳೆ ಓಡಿಸುವ ಡೀಟ್. ಡೀಟ್ ಕನ್ನಡಕದ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಕೈ ಒರೆಸಿಕೊಂಡು ಮುಟ್ಟಿ. ಆಗಸ್ಟ್ ಕೊನೆಗೆ ಸೊಳ್ಳೆ ಇಲ್ಲ, ಟಂಡ್ರಾ ಕೆಂಪಾಗಿರುತ್ತದೆ, ಕತ್ತಲೂ ಮರಳುವುದರಿಂದ ಧ್ರುವಪ್ರಭೆ ಕಂಡೀತು. ಚಳಿ ತಾಳುವವರಿಗೆ ನಮ್ಮ ಶಿಫಾರಸು ಅದೇ.

ಊಟದ ವಿಚಾರದಲ್ಲಿ ನಮ್ಮವರು ಇನ್ನೂ ಎಚ್ಚರವಾಗಿರಬೇಕು. ಇಲ್ಲಿ ಗ್ರಿಜ್ಲಿ ಕರಡಿಗಳಿವೆ, ಇಂಗು ತುಪ್ಪದ ಒಗ್ಗರಣೆ ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಒಗ್ಗರಣೆಯನ್ನು ಮನೆಯಲ್ಲೇ ಮುಗಿಸಿ. ರವೆ ಹುರಿದು, ಒಗ್ಗರಣೆ ಉಪ್ಪು ಬೆರೆಸಿ, ಲೋಟದ ಲೆಕ್ಕದಲ್ಲಿ ಜಿಪ್ ಕವರಿಗೆ ಹಾಕಿದರೆ ಅಲ್ಲಿ ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿವ ನೀರು ಹಾಕಿ ಮುಚ್ಚುವುದಷ್ಟೇ ಕೆಲಸ. ಗೊಜ್ಜವಲಕ್ಕಿಗೆ ಒಲೆಯೂ ಬೇಡ. ಒಲೆ ಟೆಂಟಿನಿಂದ ಕನಿಷ್ಠ ನೂರು ಹೆಜ್ಜೆ ದೂರ, ಗಾಳಿ ಬೀಸಿ ಹೋಗುವ ಕಡೆ ಇರಲಿ. ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬೇಡಿ. ಊಟದ ಜೊತೆ ಟೂತ್‌ಪೇಸ್ಟು, ಸೋಪು, ಕಸ ಎಲ್ಲವೂ ಕಬ್ಬಿಣದ ಪೆಟ್ಟಿಗೆಗೆ. ಕರಡಿ ಬರದಿದ್ದರೂ ನೆಲದ ಅಳಿಲು ಬಂದೇ ಬರುತ್ತದೆ: ಚೀಲದ ಜೇಬಿನಲ್ಲಿ ಮರೆತ ನಾಲ್ಕು ಗೋಡಂಬಿಗೆ ಹೊರಗಿನಿಂದಲೇ ಅಚ್ಚುಕಟ್ಟಾದ ತೂತು ಕೊರೆದು ಹೋಗಿರುತ್ತದೆ.

ಕರಡಿಗೆ ಹೊಡೆಯುವ ಖಾರದ ಸ್ಪ್ರೇ, ಒಲೆಯ ಗ್ಯಾಸ್ ಡಬ್ಬಿ, ಎರಡನ್ನೂ ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್‌ಇನ್ ಲಗೇಜಿನಲ್ಲೂ ಇಲ್ಲ. ಫೇರ್‌ಬ್ಯಾಂಕ್ಸಿನಲ್ಲಿ ಕೊಳ್ಳಿ. ಬರೀ ಬ್ಯೂಟೇನ್ ಇರುವ ಡಬ್ಬಿ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗದೆ ಕೈಕೊಡುತ್ತದೆ, ಐಸೋಬ್ಯೂಟೇನ್ ಪ್ರೊಪೇನ್ ಮಿಶ್ರಣವೇ ಬೇಕು. ಇಬ್ಬರಿಗೆ ಎರಡು ದಿನಕ್ಕೆ 230 ಗ್ರಾಮಿನ ಒಂದು ಡಬ್ಬಿ, ಮೇಲೊಂದು. ಸೌದೆ ನೆಚ್ಚಬೇಡಿ, ಮರವೇ ಇಲ್ಲ. ತೊರೆಯ ನೀರನ್ನು ಒಂದು ನಿಮಿಷ ಕುದಿಸಿ ಇಲ್ಲವೇ ಸೋಸಿ ಕುಡಿಯಿರಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿ ಇರಬಹುದು. ಕೂದಲೆಳೆಯಂಥ ನಳಿಕೆಗಳಲ್ಲಿ ನೀರು ಸೋಸುವ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೆ ಸೀಳಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ.

ಡೆಡ್‌ಹಾರ್ಸಿನಲ್ಲಿ ಬಿಡಾರದ ಆಸೆ ಬೇಡ, ಅದು ತೈಲ ಕಂಪನಿಗಳ ಕೆಲಸದ ಜಾಗ. ಅಲ್ಲಿಂದ ಮುಂದೆ ಆರ್ಕ್‌ಟಿಕ್ ಸಮುದ್ರದವರೆಗೆ ಸ್ವಂತ ಗಾಡಿ ಬಿಡುವುದೂ ಇಲ್ಲ. ಮುಂಚಿತವಾಗಿ ಹೆಸರು ಕೊಟ್ಟು, ಕರೆದೊಯ್ಯುವ ಪ್ರವಾಸದವರ ವಾಹನದಲ್ಲೇ ಹೋಗಬೇಕು.

ವಾಪಸ್ ಬಂದ ದಿನವೇ ಗಾಡಿಯ ಅಡಿಭಾಗ ತೊಳೆಸಿ. ಧೂಳು ಏಳದಿರಲೆಂದು ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಆ ಕೆಸರು ಒಣಗಿದರೆ ಸಿಮೆಂಟಿನಂತೆ ಕಚ್ಚುತ್ತದೆ, ಚಕ್ರದೊಳಗೆ ಕೂತರೆ ಮರುದಿನ ಸ್ಟಿಯರಿಂಗ್ ನಡುಗಲು ಶುರು.