ಗಂಡನ ಸರ್‌ನೇಮ್ ಯಾಕೆ ಹಾಕಿಕೊಂಡಿಲ್ಲ ಅಂತ ಕೇಳುವವರಿಗೆ

ಪ್ರಶ್ನೆ ಬರುವುದು ಹೀಗೆ: "ನಿನ್ನ ಪಾಸ್‌ಪೋರ್ಟಲ್ಲಿ ಒಂದು ಸರ್‌ನೇಮ್, ನಿನ್ನ ಗಂಡಂದು ಇನ್ನೊಂದು. ಏರ್‌ಪೋರ್ಟಲ್ಲಿ ತೊಂದರೆ ಆಗಲ್ವಾ?" ನಾನು ಬೆಂಗಳೂರಿನವಳು, ಗಂಡ ಸ್ಪೇನ್ ದೇಶದವನು. ಉತ್ತರ ಒಂದೇ ಮಾತು: ಆಗಲ್ಲ. ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪಾಸ್‌ಪೋರ್ಟಿನ ಫೋಟೊ ಪುಟದ ಅಡಿಯಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತವಲ್ಲ, ಒಂದೊಂದರಲ್ಲಿ 44 ಅಕ್ಷರ, ಕೌಂಟರಿನ ಯಂತ್ರ ಓದುವುದು ಅವನ್ನು. ಅದರಲ್ಲಿ ನನ್ನ ಹೆಸರು, ನನ್ನ ದೇಶ, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು ಇವೆ. ಗಂಡನ ಹೆಸರಿಗೆ ಜಾಗವೇ ಇಲ್ಲ. ನನ್ನ ಟಿಕೆಟ್, ನನ್ನ ವೀಸಾ, ನನ್ನ ಪಾಸ್‌ಪೋರ್ಟ್ ಮೂರರಲ್ಲೂ ನನ್ನ ಹೆಸರು ಒಂದೇ ಥರ ಇರಬೇಕು, ಅಷ್ಟೆ. ಇವನು ನನ್ನ ಗಂಡ ಅಂತ ತೋರಿಸಬೇಕಾಗಿ ಬಂದರೆ ಮದುವೆ ಸರ್ಟಿಫಿಕೇಟ್ ಇದೆ, ನನ್ನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅವನ ಹೆಸರು ಅಚ್ಚಾಗಿದೆ. ಅದನ್ನು ಸೇರಿಸಲು ನನ್ನ ಹೆಸರು ಬದಲಾಯಿಸಬೇಕಾಗಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಬೇಕಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಪ್ರಧಾನಿಯವರೇ ಹೇಳಿದ್ದರು. ಆದರೂ ಈ ಪ್ರಶ್ನೆ ಮಾತ್ರ ನಿಂತಿಲ್ಲ.

ನಿಜವಾಗಿ ಹೆದರಬೇಕಾದವರು ಯಾರು ಗೊತ್ತಾ? ಸರ್‌ನೇಮ್ ಜಾಗ ಪೂರ್ತಿ ಖಾಲಿ ಬಿಟ್ಟವರು. 2022ರ ನವೆಂಬರ್‌ನಲ್ಲಿ ಯುಎಇ ದೇಶ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂದುಬಿಟ್ಟಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅಂತ ಆಮೇಲೆ ಸಡಿಲಿಸಿದರು. ಇದು ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಮುಟ್ಟುವ ಸುದ್ದಿ, ಯಾಕೆಂದರೆ ನಮಗೆ ಸರ್‌ನೇಮ್ ಎಲ್ಲಿತ್ತು? ಊರಿನದೊಂದು ಇನಿಶಿಯಲ್, ಅಪ್ಪನದೊಂದು ಇನಿಶಿಯಲ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಿರಿ ಅಂದಾಗ ಒಬ್ಬೊಬ್ಬರು ಒಂದೊಂದು ಥರ ಬರೆದರು. ನನ್ನ ಸರ್‌ನೇಮ್ ಜಾಗದಲ್ಲಿ ಕೂತಿರುವುದು ಅಪ್ಪನ ಹೆಸರು. ಸ್ಪೇನಿನಲ್ಲಿ ಆಸ್ಪತ್ರೆಗೆ ಹೋದರೆ ನರ್ಸ್ ಬಾಗಿಲಲ್ಲಿ ನಿಂತು ನಮ್ಮಪ್ಪನನ್ನು ಕೂಗುತ್ತಾರೆ, ನಾನು ಎದ್ದು ಹೋಗುತ್ತೇನೆ.

ಮೊನ್ನೆ ಬನಶಂಕರಿಯಲ್ಲಿ ಒಂದು ಗೃಹಪ್ರವೇಶ. ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ದೊಡ್ಡಪ್ಪ ಶುರು ಮಾಡಿದರು. "ಅಲ್ಲ ಕಣಮ್ಮ, ನಾವೂ ಅಮೆರಿಕಕ್ಕೆ ಹೋಗಿ ಬಂದಿದ್ದೀವಿ. ಯಾರೂ ಏನೂ ಕೇಳಲಿಲ್ಲ. ಗಂಡ ಹೆಂಡತಿ ಅಂದಮೇಲೆ ಹೆಸರು ಒಂದೇ ಇದ್ದರೆ ರಗಳೆ ಇರಲ್ಲ. ಒಂದು ಹೆಸರು ತಾನೇ, ಅಡ್ಜಸ್ಟ್ ಮಾಡ್ಕೊಂಬಿಡು."

ಪಕ್ಕದ ಎಲೆಯಲ್ಲಿ ದೊಡ್ಡಮ್ಮ. "ದೊಡ್ಡಮ್ಮ, ನಿಮ್ಮ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಏನಿದೆ?" ಅಂದೆ. ಅವರಿಗೆ ನೆನಪಿರಲಿಲ್ಲ. ಅವರ ಮಗನ ಫೋನಿನಲ್ಲಿ ವೀಸಾಕ್ಕೆ ತೆಗೆದಿಟ್ಟ ಇಬ್ಬರ ಸ್ಕ್ಯಾನೂ ಇತ್ತು. ನೋಡಿದರೆ ದೊಡ್ಡಮ್ಮನ ಸರ್‌ನೇಮ್ ಅಂದರೆ ದೊಡ್ಡಪ್ಪನ ಹೆಸರು. ದೊಡ್ಡಪ್ಪನ ಸರ್‌ನೇಮ್ ಅವರ ಊರಿನ ಹೆಸರು. ಎಲ್ಲಿಂದೆಲ್ಲಿಗೂ ತಾಳೆಯಿಲ್ಲ! ದೊಡ್ಡಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. "ಅದು ಬೇರೆ ಕಣೇ. ಅದು ನಮ್ಮ ಪದ್ಧತಿ" ಅಂದರು. "ಅವರದೂ ಅವರ ಪದ್ಧತಿ, ದೊಡ್ಡಪ್ಪ" ಅಂದೆ. ದೊಡ್ಡಮ್ಮ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಲೇ ಇದ್ದರು.

ಅವರ ಪದ್ಧತಿ ಏನು ಅಂತ ಯಾರಾದರೂ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಸ್ಪೇನಿನಲ್ಲಿ ಮದುವೆಯಾದ ಹೆಣ್ಣು ಹೆಸರು ಬದಲಾಯಿಸುವುದೇ ಇಲ್ಲ. ಪ್ರತಿಯೊಬ್ಬರಿಗೂ ಎರಡು ಸರ್‌ನೇಮ್: ವಾಡಿಕೆಯಲ್ಲಿ ಅಪ್ಪನ ಮೊದಲನೆಯದು, ಆಮೇಲೆ ಅಮ್ಮನ ಮೊದಲನೆಯದು. ಗಾರ್ಸಿಯಾ ಲೋಪೆಜ್ ಅಂದರೆ ಅಪ್ಪ ಗಾರ್ಸಿಯಾ, ಅಮ್ಮ ಲೋಪೆಜ್. ನಮ್ಮತ್ತೆ ಸಾಯುವವರೆಗೂ ಅವರ ತವರಿನ ಹೆಸರಿನವರೇ. ನಾನು ಅವನ ಸರ್‌ನೇಮ್ ಹಾಕಿಕೊಂಡು ಹೋಗಿ ನಿಂತರೆ ಅವರಿಗೇ ಅರ್ಥವಾಗುವುದಿಲ್ಲ, ಅವನ ತಂಗಿ ಅಂದುಕೊಂಡಾರು.

"ಅಡ್ಜಸ್ಟ್" ಅನ್ನುವ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಬದಲಾಯಿಸಿದರೆ ಆಧಾರ್, ಪ್ಯಾನ್, ಬ್ಯಾಂಕು, ಪಿಎಫ್ ಎಲ್ಲದರಲ್ಲೂ ಬದಲಾಯಿಸುತ್ತಾ ಹೋಗಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಳೇ ಹೆಸರೇ ಉಳಿದು, ಇಬ್ಬರೂ ನಾನೇ ಅಂತ ಅಫಿಡವಿಟ್ ಹಿಡಿದು ಓಡಾಡಬೇಕು. ಇಷ್ಟೆಲ್ಲ ನಾನು ಮಾಡಲಿ ಅನ್ನುವವರಲ್ಲಿ ಒಬ್ಬರೂ ನನ್ನ ಗಂಡನಿಗೆ "ನೀನೇ ಅವಳ ಹೆಸರು ಇಟ್ಟುಕೋ" ಅಂದವರಿಲ್ಲ.

ಕೇಳಬೇಕಾದದ್ದು ಮಗಳ ಬಗ್ಗೆ. ಅವಳು ಹುಟ್ಟಿದ್ದು ಸ್ಪೇನಿನಲ್ಲಿ, ಪಾಸ್‌ಪೋರ್ಟ್ ಅಲ್ಲಿಯದು, ತಾಯಿ ಭಾರತೀಯಳಾದ್ದರಿಂದ ಇಲ್ಲಿಗೆ ಒಸಿಐ ಕಾರ್ಡ್, ಅಂದರೆ ಭಾರತದ ನಂಟಿರುವ ವಿದೇಶಿಯರು ವೀಸಾ ಇಲ್ಲದೆ ಬಂದು ಹೋಗಲು ನಮ್ಮ ಸರ್ಕಾರ ಕೊಡುವ ಕಾರ್ಡು. ಜನನ ನೋಂದಣಿ ಮಾಡಿಸುವಾಗ ಅಲ್ಲಿಯ ಗುಮಾಸ್ತೆ ತಾಯಿಯ ಸರ್‌ನೇಮ್ ಕೇಳಿದರು, ಪಾಸ್‌ಪೋರ್ಟ್ ನೋಡಿ ಬರೆದುಕೊಂಡರು. ಹಾಗಾಗಿ ಮಗಳ ಎರಡನೇ ಸರ್‌ನೇಮ್ ನಮ್ಮಪ್ಪನ ಹೆಸರು. ಇಲ್ಲೇ ಯಾವ ಮೊಮ್ಮಗಳ ಕಾಗದದಲ್ಲೂ ತಾಯಿಯ ಅಪ್ಪನ ಹೆಸರು ಬರುವುದನ್ನು ನಾನು ನೋಡಿಲ್ಲ. ಫೋನಿನಲ್ಲಿ ಹೇಳಿದಾಗ ಅಪ್ಪ ಮೊದಲು ಕೇಳಿದ್ದು "ಸ್ಪೆಲ್ಲಿಂಗ್ ಸರಿಯಾಗಿ ಬರೆದಿದ್ದಾರಾ?" ಅಂತ. ನಾನು ಅವಳನ್ನು ಒಬ್ಬಳೇ ಕರೆದುಕೊಂಡು ಬರುವಾಗ ನನ್ನ ಮತ್ತು ಅವಳ ಪಾಸ್‌ಪೋರ್ಟಿನಲ್ಲಿ ಒಂದೇ ಆಗಿರುವ ಹೆಸರು ಅದು. ಗಂಡನ ಸರ್‌ನೇಮಿಗೆ ಬದಲಾಯಿಸಿಕೊಂಡಿದ್ದರೆ ಅದು ನನ್ನ ಮಗಳಿಗೆ ಸಿಗುತ್ತಿತ್ತಾ?

ಇನ್ನು ಪರದೇಶದ ಹುಡುಗನನ್ನು ಮದುವೆಯಾಗಲು ಹೊರಟು, ನಿಜವಾಗಿ ತಿಳಿಯಬೇಕು ಅಂತ ಕೇಳುವ ಹುಡುಗಿಯರಿಗೆ ಎರಡು ಮಾತು. ಸ್ಪೆಷಲ್ ಮ್ಯಾರೇಜ್ ಆಕ್ಟ್ (ಬೇರೆ ಧರ್ಮ, ಬೇರೆ ದೇಶದವರೂ ಮದುವೆಯಾಗಬಹುದಾದ ಕಾನೂನು) ಪ್ರಕಾರ ಆಗುವುದಾದರೆ 30 ದಿನದ ನೋಟಿಸ್ ಇರುತ್ತದೆ, ಅವನ ರಜೆ ಅದಕ್ಕೆ ಹೊಂದಿಸಿ. ಗಂಡನಿಗೆ ಒಸಿಐ ಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಎಲ್ಲಕ್ಕಿಂತ ಮುಖ್ಯ, ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಕೌಂಟರ್ ಬಿಟ್ಟು ಕದಲಬೇಡಿ. ನಮ್ಮದರಲ್ಲಿ ಅವನ ಮೊದಲನೇ ಸರ್‌ನೇಮನ್ನು ಮಿಡಲ್ ನೇಮ್ ಅಂತ ತಿಳಿದು ಬಿಟ್ಟುಬಿಟ್ಟಿದ್ದರು. ಆ ಕಾಗದಕ್ಕೆ ಅಪೋಸ್ಟಿಲ್ (ಕಾಗದ ಅಸಲಿ ಅಂತ ಪರದೇಶದವರಿಗೆ ತೋರಿಸಲು ನಮ್ಮ ಸರ್ಕಾರ ಕೊಡುವ ದೃಢೀಕರಣದ ಚೀಟಿ) ಅಂಟಿಸಿಕೊಂಡು ಬಂದಿದ್ದರೆ ಸ್ಪೇನಿನವರ ಲೆಕ್ಕದಲ್ಲಿ ನಾನು ಬೇರೆ ಯಾರನ್ನೋ ಮದುವೆಯಾದ ಹಾಗೆ. ಅವನ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಅಪೋಸ್ಟಿಲ್‌ಗೆ ಆಮೇಲೆ ಕೊಡಿ.